ಹ್ಯಾಸ್ಕೆಲ್ ಓಡುತ್ತಿಲ್ಲವೇ? ಅಳಿಸಿ ಮತ್ತೆ ಹಾಕುವ ಮೊದಲು ಇದನ್ನು ನೋಡಿ

ಹೋದ ತಿಂಗಳು ರಾತ್ರಿ ಹತ್ತೂವರೆಗೆ ಹಾಸನದಿಂದ ಅಕ್ಕನ ಮಗನ ಫೋನು. "ಮಾಮಾ, ಹ್ಯಾಸ್ಕೆಲ್ ಬರ್ತಾನೇ ಇಲ್ಲ. ಮೂರು ಸಲ ತೆಗೆದು ಮೂರು ಸಲ ಹಾಕಿದೆ."

"ಸ್ಕ್ರೀನ್ ಮೇಲೆ ಏನಿದೆ, ಓದು."

"ಏನೋ ಎರರ್ ಮಾಮಾ, ಕೆಂಪಗಿದೆ."

ಬೈದು ಓದಿಸಿದ ಮೇಲೆ ಗೊತ್ತಾಯಿತು. ಮೊದಲ ಸಲವೇ ಎಲ್ಲ ಸರಿಯಾಗಿ ಕೂತಿತ್ತು. ಅವನು ಬೆಳಗ್ಗೆ ತೆರೆದ ಟರ್ಮಿನಲ್ಲನ್ನು, ಅಂದರೆ ಕಮಾಂಡ್ ಬರೆಯುವ ಕಿಟಕಿಯನ್ನು, ಮುಚ್ಚಿರಲೇ ಇಲ್ಲ, ಅಷ್ಟೇ. ಇಷ್ಟಕ್ಕೆ ಅವನ ಮೊಬೈಲ್ ಡೇಟಾ ಪೂರ್ತಿ ಖಾಲಿ.

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವಾಗ ಬರುವ ತೊಂದರೆಗಳಲ್ಲಿ ಅಳಿಸಿ ಮತ್ತೆ ಹಾಕಿದರೆ ಸರಿಹೋಗುವಂಥವು ತೀರಾ ಕಡಿಮೆ. ಸಾಮಾನ್ಯವಾಗಿ ಎಲ್ಲ ಬಂದಿರುತ್ತದೆ, ಕಂಪ್ಯೂಟರ್ ಅದನ್ನು ತಪ್ಪು ಜಾಗದಲ್ಲಿ ಹುಡುಕುತ್ತಿರುತ್ತದೆ. ಹಾಗಾಗಿ ನಿಮಗೆ ಕಾಣುವ ಲಕ್ಷಣ ಯಾವುದು ಎಂದು ಹಿಡಿದು ಕೆಳಗಿನ ಭಾಗಕ್ಕೆ ಹೋಗಿ. ಸುಲಭದ್ದು ಮೊದಲು, ತಲೆನೋವಿನದು ಕೊನೆಗೆ.

ಐದು ಹೆಸರು ಗೊತ್ತಿದ್ದರೆ ಸಾಕು. ಜಿಎಚ್‌ಸಿ ಅಂದರೆ ಗ್ಲಾಸ್ಗೋ ಹ್ಯಾಸ್ಕೆಲ್ ಕಂಪೈಲರ್, ನೀವು ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ನಿಜವಾದ ಕೆಲಸಗಾರ. ಕಬಾಲ್ ಬೇರೆಯವರು ಬರೆದಿಟ್ಟ ಕೋಡಿನ ಪ್ಯಾಕೇಜುಗಳನ್ನು ತಂದು ಕಟ್ಟುತ್ತದೆ. ಅದು ತರುವುದು ಹ್ಯಾಕೇಜ್ ಅನ್ನುವ ಉಗ್ರಾಣದಿಂದ. ಎಚ್‌ಎಲ್‌ಎಸ್, ಅಂದರೆ ಹ್ಯಾಸ್ಕೆಲ್ ಲ್ಯಾಂಗ್ವೇಜ್ ಸರ್ವರ್, ನಿಮ್ಮ ಎಡಿಟರ್‌ಗೆ ಹ್ಯಾಸ್ಕೆಲ್ ಕಲಿಸುತ್ತದೆ. ಇವೆಲ್ಲವನ್ನೂ ಕರೆಸಿ ಕೂರಿಸುವ ಮೇಸ್ತ್ರಿ ಜಿಎಚ್‌ಸಿಅಪ್. ಹಳೆಯ ಪಾಠಗಳಲ್ಲಿ ಹ್ಯಾಸ್ಕೆಲ್ ಪ್ಲಾಟ್‌ಫಾರ್ಮ್ ಹಾಕಿಕೊಳ್ಳಿ ಎಂದು ಬರೆದಿರುತ್ತಾರೆ. ಅದನ್ನು ಕೈಬಿಟ್ಟಿದ್ದಾರೆ, ಆ ಕಡೆ ಹೋಗಬೇಡಿ.

ಕಮಾಂಡುಗಳನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ, ದೊಡ್ಡಕ್ಷರ ಬೇಕಾದ ಕಡೆ ತೋರಿಸಿದ್ದೇನೆ.

ಕೈ ಹಾಕುವ ಮೊದಲು

ಜಿಎಚ್‌ಸಿಅಪ್ ಹಾಕುವ ಸಾಲು ಇಂಟರ್‌ನೆಟ್‌ನಿಂದ ಒಂದು ಸ್ಕ್ರಿಪ್ಟ್ ತಂದು ನೇರ ನಿಮ್ಮ ಮಷೀನಿನಲ್ಲಿ ಓಡಿಸುತ್ತದೆ. ಆದ್ದರಿಂದ ಅದನ್ನು ಹ್ಯಾಸ್ಕೆಲ್‌ನ ಅಧಿಕೃತ ಪುಟದಿಂದ ಮಾತ್ರ ಕಾಪಿ ಮಾಡಿ, ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನಲ್ಲ. ಅದರ ಮುಂದೆ ಸುಡೋ, ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್, ಹಚ್ಚಬೇಡಿ. ಸುಡೋದಲ್ಲಿ ಹಾಕಿದರೆ ಫೈಲುಗಳು ರೂಟ್ ಎಂಬ ಅಡ್ಮಿನ್ ಖಾತೆಯ ಹೆಸರಿಗೆ ಹೋಗುತ್ತವೆ, ನಾಳೆ ನಿಮ್ಮ ಫೋಲ್ಡರಿಗೆ ಬರೆಯಲು ನಿಮಗೇ ಅನುಮತಿ ಇರುವುದಿಲ್ಲ. "ಪರ್ಮಿಷನ್ ಡಿನೈಡ್" ಎಂದು ಬಂದಾಗ ತುಂಬಾ ಜನ ಮತ್ತೆ ಸುಡೋ ಹಚ್ಚುತ್ತಾರೆ. ಗಂಟು ಇನ್ನೂ ಬಿಗಿಯುತ್ತದೆ.

ವಿಂಡೋಸ್‌ನವರಿಗೆ ಇನ್ನೊಂದು ಮಾತು. ಪಾತ್, ಅಂದರೆ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಹುಡುಕುವ ಜಾಗಗಳ ಪಟ್ಟಿ, ಸರಿ ಮಾಡಲು ಸೆಟ್‌ಎಕ್ಸ್ ಕಮಾಂಡ್ ಬಳಸಬೇಡಿ. ಅದು 1024 ಅಕ್ಷರಕ್ಕೆ ಕತ್ತರಿಸಿಬಿಡುತ್ತದೆ. ನಿಮ್ಮ ಪಾತ್ ಅದಕ್ಕಿಂತ ಉದ್ದ ಇದ್ದರೆ ಬಾಲದಲ್ಲಿದ್ದ ಪೈಥಾನ್, ಜಾವಾ ಎಲ್ಲ ಒಟ್ಟಿಗೆ ಮಾಯ.

ಡೌನ್‌ಲೋಡ್ ಶುರುವೇ ಆಗುವುದಿಲ್ಲ, ಅಥವಾ ನಡುವೆ ನಿಲ್ಲುತ್ತದೆ

ಎರರ್‌ನಲ್ಲಿ ಕರ್ಲ್ ಎಂಬ ಡೌನ್‌ಲೋಡ್ ಪ್ರೋಗ್ರಾಮಿನ ಹೆಸರಿನ ಪಕ್ಕ ಬ್ರಾಕೆಟ್ಟಿನಲ್ಲಿ ಒಂದು ಅಂಕಿ ಇರುತ್ತದೆ. ಕಾಯಿಲೆ ಯಾವುದು ಎಂದು ಆ ಅಂಕಿಯೇ ಹೇಳುತ್ತದೆ.

6 ಬಂದರೆ ಸರ್ವರಿನ ವಿಳಾಸವೇ ಸಿಕ್ಕಿಲ್ಲ. ನೆಟ್ ಇಲ್ಲ, ಇಲ್ಲವೇ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೆಟ್ಟಿದೆ. 28 ಬಂದರೆ ಕಾದು ಕಾದು ಬಿಟ್ಟಿದೆ. ಎರಡಕ್ಕೂ ಮೊದಲ ಔಷಧ ಒಂದೇ: ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಒಮ್ಮೆ ನೋಡಿ. ಹಾಟ್‌ಸ್ಪಾಟಿನಲ್ಲಿ ಬಂದು ಕಾಲೇಜು ಅಥವಾ ಆಫೀಸಿನ ವೈಫೈನಲ್ಲಿ ಬರದಿದ್ದರೆ ನಡುವೆ ಪ್ರಾಕ್ಸಿ, ಅಂದರೆ ನೆಟ್ ಸಂಚಾರವನ್ನು ತಡೆದು ನೋಡುವ ಕಾವಲುಗಾರ ಸರ್ವರ್, ಕೂತಿದೆ ಎಂದರ್ಥ. ಅಲ್ಲಿನ ಸಿಸ್ಟಮ್ ನೋಡಿಕೊಳ್ಳುವವರನ್ನು ಕೇಳಿ ಪ್ರಾಕ್ಸಿ ವಿಳಾಸ ಹಾಕಬೇಕು. ಅದನ್ನು ನೀವೇ ಮುರಿದು ಒಳಗೆ ನುಗ್ಗಲು ಹೋಗಬೇಡಿ.

60 ಬಂದರೆ ಸರ್ವರ್ ಅಸಲಿ ಎಂದು ತೋರಿಸುವ ಸರ್ಟಿಫಿಕೇಟ್ ಒಪ್ಪಿಗೆಯಾಗಿಲ್ಲ. ಇಲ್ಲಿ ಯಾರೂ ನೋಡದ ಜಾಗ ಒಂದಿದೆ: ಗಡಿಯಾರ. ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ಆ ತಾರೀಖಿನಲ್ಲಿ ನಿಂತು ನೋಡಿದರೆ ಇವತ್ತಿನ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ. ತಾರೀಖು ಸರಿ ಮಾಡಿ, ಮತ್ತೆ ಓಡಿಸಿ. ಬ್ಯಾಟರಿಗೆ ಜಾಸ್ತಿ ದುಡ್ಡೇನೂ ಆಗುವುದಿಲ್ಲ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಬದಲಿಸುವಾಗ ಪ್ಲಗ್ ಕಿತ್ತಿರಬೇಕು. ಸರ್ಟಿಫಿಕೇಟ್ ತಪಾಸಣೆಯನ್ನೇ ಆಫ್ ಮಾಡುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಯಾವ ಸ್ಕ್ರಿಪ್ಟ್ ಒಳಗೆ ಬರುತ್ತಿದೆ ಎನ್ನುವ ಖಾತ್ರಿ ಅಲ್ಲಿಗೆ ಮುಗಿಯಿತು.

ಡಿಸ್ಕಿನ ಜಾಗವನ್ನೂ ನೋಡಿ. ಜಿಎಚ್‌ಸಿ ಚಿಕ್ಕ ಸಾಮಾನಲ್ಲ, ಬಿಚ್ಚಿದ ಮೇಲೆ ಜಿಬಿಗಳ ಲೆಕ್ಕದಲ್ಲಿ ಜಾಗ ಹಿಡಿಯುತ್ತದೆ. ಹತ್ತು ಜಿಬಿ ಖಾಲಿ ಇಟ್ಟುಕೊಂಡು ಶುರು ಮಾಡುವುದು ಒಳ್ಳೆಯದು.

ಎಲ್ಲ ಮುಗಿಯಿತು ಅಂತು, ಆದರೆ "ಕಮಾಂಡ್ ನಾಟ್ ಫೌಂಡ್"

ಅಕ್ಕನ ಮಗನ ಕೇಸ್ ಇದೇ.

ಮೊದಲು ಟರ್ಮಿನಲ್ ಮುಚ್ಚಿ, ಹೊಸದು ತೆರೆಯಿರಿ. ವಿಎಸ್ ಕೋಡ್ ಎಂಬ ಎಡಿಟರ್ ಒಳಗಿನ ಟರ್ಮಿನಲ್ ಆದರೆ ವಿಎಸ್ ಕೋಡ್ ಅನ್ನೇ ಪೂರ್ತಿ ಮುಚ್ಚಿ ತೆರೆಯಬೇಕು, ಯಾಕೆಂದರೆ ಒಳಗಿನ ಟರ್ಮಿನಲ್ ತನ್ನ ಪಾತನ್ನು ಹೊರಗಿನ ಅಪ್ಪನಿಂದ ಪಡೆದಿರುತ್ತದೆ, ಅಪ್ಪನಿಗೇ ಹೊಸ ಸುದ್ದಿ ಗೊತ್ತಿಲ್ಲದಿದ್ದರೆ ಮಗನಿಗೆ ಎಲ್ಲಿಂದ ಗೊತ್ತಾಗಬೇಕು?

ಆದರೂ ಬರಲಿಲ್ಲವೇ? ಆಗ ಪೂರ್ತಿ ವಿಳಾಸ ಕೊಟ್ಟು ಕರೆಯಿರಿ. ಲಿನಕ್ಸ್, ಮ್ಯಾಕ್‌ನಲ್ಲಿ:

~/.ಜಿಎಚ್‌ಸಿಅಪ್/ಬಿನ್/ಜಿಎಚ್‌ಸಿ --ವರ್ಷನ್

ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಅದು ಸಿ ಡ್ರೈವಿನ ಜಿಎಚ್‌ಸಿಅಪ್ ಫೋಲ್ಡರಿನೊಳಗಿನ ಬಿನ್‌ನಲ್ಲಿ ಇರುತ್ತದೆ.

ಈ ಒಂದು ಪರೀಕ್ಷೆ ಎಲ್ಲವನ್ನೂ ಎರಡು ಹೋಳು ಮಾಡುತ್ತದೆ. ವರ್ಷನ್ ನಂಬರ್ ಬಂತು ಅಂದರೆ ಇನ್‌ಸ್ಟಾಲ್ ಸರಿಯಾಗಿದೆ, ಪಾತ್ ಮಾತ್ರ ತಪ್ಪಿದೆ. ಮತ್ತೆ ಇನ್‌ಸ್ಟಾಲ್ ಮಾಡಬೇಡಿ! ಅಂಥ ಫೈಲೇ ಇಲ್ಲ ಅಂದರೆ ಮಾತ್ರ ಇನ್‌ಸ್ಟಾಲ್ ಅರ್ಧಕ್ಕೆ ನಿಂತಿದೆ.

ಪಾತ್ ಸರಿ ಮಾಡುವುದು ಹೀಗೆ. ಜಿಎಚ್‌ಸಿಅಪ್ ತನ್ನ ಫೋಲ್ಡರಿನಲ್ಲಿ ಎನ್ವ್ ಎಂಬ ಸಣ್ಣ ಫೈಲ್ ಇಟ್ಟಿರುತ್ತದೆ. ನಿಮ್ಮ ಶೆಲ್, ಅಂದರೆ ಟರ್ಮಿನಲ್ ಒಳಗೆ ಕಮಾಂಡ್ ಓದುವ ಪ್ರೋಗ್ರಾಂ, ಎದ್ದಾಗ ಅದನ್ನು ಓದಬೇಕು. ಬ್ಯಾಶ್ ಆದರೆ .ಬ್ಯಾಶ್‌ಆರ್‌ಸಿ ಫೈಲಿನ ಕೊನೆಯಲ್ಲಿ, ಝಡ್‌ಶೆಲ್ ಆದರೆ .ಝಡ್‌ಎಸ್‌ಎಚ್‌ಆರ್‌ಸಿ ಕೊನೆಯಲ್ಲಿ ಈ ಸಾಲು ಇರಬೇಕು:

ಸೋರ್ಸ್ ~/.ಜಿಎಚ್‌ಸಿಅಪ್/ಎನ್ವ್

ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಈಚೆಗೆ ಝಡ್‌ಶೆಲ್ಲೇ ಡೀಫಾಲ್ಟ್. ಹಳೇ ಪಾಠ ನೋಡಿಕೊಂಡು .ಬ್ಯಾಶ್‌ಆರ್‌ಸಿಗೆ ಸಾಲು ಸೇರಿಸಿ, ಯಾಕೆ ಬರುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವವರು ಸಾಕಷ್ಟಿದ್ದಾರೆ. ನಿಮ್ಮದು ಯಾವ ಶೆಲ್ ಎಂದು ತಿಳಿಯಲು ಎಕೋ ಡಾಲರ್ ಶೆಲ್, ಅಂದರೆ $ ಚಿಹ್ನೆಗೆ ಅಂಟಿಸಿ ದೊಡ್ಡಕ್ಷರದಲ್ಲಿ ಶೆಲ್ ಎಂದು ಬರೆಯಿರಿ.

ವಿಂಡೋಸ್‌ನಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಕಿಟಕಿ ತೆರೆದು, ನಿಮ್ಮ ಯೂಸರ್ ಪಾತ್‌ನಲ್ಲಿ ಆ ಬಿನ್ ಫೋಲ್ಡರಿನ ವಿಳಾಸವನ್ನು ಹೊಸ ಸಾಲಾಗಿ ಸೇರಿಸಿ. ಇರುವ ಸಾಲುಗಳನ್ನು ಮುಟ್ಟಬೇಡಿ. ಸಿಸ್ಟಮ್ ಪಾತ್ ಹತ್ತಿರ ಹೋಗುವುದೇ ಬೇಡ.

ಹೊಸದು ಹಾಕಿದರೂ ಹಳೇ ವರ್ಷನ್ ತೋರಿಸುತ್ತಿದೆ

ಮನೆಯಲ್ಲಿ ಇಬ್ಬರು ಜಿಎಚ್‌ಸಿಗಳಿದ್ದಾರೆ. ಒಬ್ಬ ಉಬುಂಟು ಲಿನಕ್ಸಿನ ಸಾಫ್ಟ್‌ವೇರ್ ಹಾಕುವ ಕಮಾಂಡಾದ ಆಪ್ಟ್‌ನಿಂದ ಬಂದವನು, ಇನ್ನೊಬ್ಬ ಜಿಎಚ್‌ಸಿಅಪ್‌ನಿಂದ ಬಂದವನು. ಪಾತ್‌ನಲ್ಲಿ ಯಾರು ಮೊದಲು ಸಿಗುತ್ತಾನೋ ಅವನದೇ ಮಾತು.

ವಿಚ್ -ಎ ಜಿಎಚ್‌ಸಿ

ಎಂದು ಹೊಡೆದರೆ ಎಲ್ಲರೂ ಸಾಲಾಗಿ ಬರುತ್ತಾರೆ. ವಿಂಡೋಸ್ ಪವರ್‌ಶೆಲ್‌ನಲ್ಲಿ ವೇರ್ ಎಂದು ಹೊಡೆದರೆ ಏನೂ ಬರುವುದಿಲ್ಲ, ಅಲ್ಲಿ ಆ ಹೆಸರಿಗೆ ಬೇರೆಯೇ ಅರ್ಥ. ಅಲ್ಲಿ ವೇರ್.ಇಎಕ್ಸ್‌ಇ ಜಿಎಚ್‌ಸಿ ಎಂದು ಪೂರ್ತಿ ಹೊಡೆಯಬೇಕು. ನಾನು ಇದಕ್ಕೆ ಒಂದು ಮಧ್ಯಾಹ್ನ ಕಳೆದಿದ್ದೇನೆ.

ಹಳೆಯದನ್ನು ಆಪ್ಟ್ ರಿಮೂವ್ ಮಾಡಬಹುದು. ಆದರೆ ವೈ ಒತ್ತುವ ಮೊದಲು ಏನೇನು ತೆಗೆಯುತ್ತೇನೆ ಎಂದು ಅದು ಕೊಡುವ ಪಟ್ಟಿಯನ್ನು ಓದಿ. ನಿಮಗೆ ಬೇಕಾದ ಬೇರೆ ಯಾವುದಾದರೂ ಹೆಸರು ಅದರಲ್ಲಿದ್ದರೆ ಎನ್ ಒತ್ತಿ. ಜಿಎಚ್‌ಸಿಅಪ್ ಪಾತ್ ಮುಂದೆ ಬರುವಂತೆ ಮಾಡಿದರೂ ಸಾಕು.

ಜಿಎಚ್‌ಸಿಅಪ್ ಒಳಗೇ ಎರಡು ಮೂರು ವರ್ಷನ್ ಇದ್ದರೆ ಜಿಎಚ್‌ಸಿಅಪ್ ಲಿಸ್ಟ್ ಹೊಡೆಯಿರಿ. ಒಂದು ಟಿಕ್ ಅಂದರೆ ಹಾಕಿದೆ, ಎರಡು ಟಿಕ್ ಅಂದರೆ ಅದೇ ಈಗ ಚಾಲ್ತಿಯಲ್ಲಿದೆ. ವಿಂಡೋಸ್‌ನಲ್ಲಿ ಟಿಕ್ ಬದಲು ಐ ಮತ್ತು ಐಎಸ್ ಅಕ್ಷರಗಳು ಇರುತ್ತವೆ. ಬದಲಿಸಲು ಜಿಎಚ್‌ಸಿಅಪ್ ಸೆಟ್ ಜಿಎಚ್‌ಸಿ, ಮುಂದೆ ನಂಬರು. ಯಾವ ನಂಬರ್ ಎಂದು ಗೊತ್ತಿಲ್ಲದಿದ್ದರೆ ರೆಕಮೆಂಡೆಡ್ ಗುರುತು ಇರುವುದನ್ನು ಹಿಡಿಯಿರಿ. ತೀರಾ ಹೊಸದರ ಹಿಂದೆ ಹೋಗಬೇಡಿ, ಪ್ಯಾಕೇಜುಗಳು ಅದಕ್ಕೆ ಹೊಂದಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಕಂಪೈಲ್ ಆಗುತ್ತದೆ, ಕೊನೇ ಗಳಿಗೆಯಲ್ಲಿ ಲಿಂಕ್ ಆಗುವಾಗ ಬೀಳುತ್ತದೆ

"ಕೆನಾಟ್ ಫೈಂಡ್ -ಎಲ್‌ಜಿಎಂಪಿ" ಎಂದು ಬಂದರೆ ಅದು ಹ್ಯಾಸ್ಕೆಲ್‌ನ ದೋಷವಲ್ಲ. ಹ್ಯಾಸ್ಕೆಲ್ಲಿನ ಇಂಟಿಜರ್‌ಗೆ ಮಿತಿ ಇಲ್ಲ, ಎಷ್ಟು ದೊಡ್ಡ ಅಂಕಿಯನ್ನಾದರೂ ಹಿಡಿಸುತ್ತದೆ. ಆ ದೊಡ್ಡ ಲೆಕ್ಕಕ್ಕೆ ಜಿಎಚ್‌ಸಿ ಜಿಎಂಪಿ ಎಂಬ ಸಿ ಲೈಬ್ರರಿಯನ್ನು ನೆಚ್ಚಿಕೊಂಡಿದೆ. ಉಬುಂಟು, ಡೆಬಿಯನ್‌ನಲ್ಲಿ ಲಿಬ್‌ಜಿಎಂಪಿ-ಡೆವ್ ಹಾಕಿ. ಅದರ ಜೊತೆಗೇ ಬಿಲ್ಡ್-ಎಸೆನ್ಶಿಯಲ್, ಲಿಬ್‌ಎಫ್‌ಎಫ್‌ಐ-ಡೆವ್, ಲಿಬ್‌ಎನ್‌ಕರ್ಸಸ್-ಡೆವ್ ಕೂಡ ಹಾಕಿಬಿಡಿ. ಹೆಸರಿನ ಕೊನೆಯ ಡೆವ್ ಮರೆಯಬೇಡಿ. ಅದಿಲ್ಲದ ಪ್ಯಾಕೇಜ್ ಪ್ರೋಗ್ರಾಂ ಓಡಿಸಲು ಮಾತ್ರ, ಕಟ್ಟಲು ಅಲ್ಲ.

"ಲಿಬ್‌ಟಿನ್ಫೋ.ಎಸ್‌ಓ.5" ಸಿಗುತ್ತಿಲ್ಲ ಎಂದರೆ ನಿಮ್ಮ ಲಿನಕ್ಸ್ ಹೊಸದು, ಹಾಕಿದ ಜಿಎಚ್‌ಸಿ ಹಳೇ ಲಿನಕ್ಸಿಗೆ ಕಟ್ಟಿದ್ದು. ಉಬುಂಟು 24.04ರಲ್ಲಿ 5 ಇಲ್ಲವೇ ಇಲ್ಲ, 6 ಮಾತ್ರ ಇದೆ. 6ಕ್ಕೆ 5 ಎಂದು ಸುಳ್ಳು ಹೆಸರಿನ ಲಿಂಕ್ ಕಟ್ಟುವ ಉಪಾಯ ಎಲ್ಲೆಡೆ ಓಡಾಡುತ್ತಿದೆ. ಕೆಲವೊಮ್ಮೆ ಕೆಲಸ ಮಾಡಿದಂತೆ ಕಾಣುತ್ತದೆ ಕೂಡ. ಅದರ ಬದಲು ಜಿಎಚ್‌ಸಿಅಪ್ ಅಪ್‌ಗ್ರೇಡ್ ಮಾಡಿ, ಹೊಸ ಜಿಎಚ್‌ಸಿ ಹಾಕಿ.

ಮ್ಯಾಕ್‌ನಲ್ಲಿ "ಎಕ್ಸ್‌ಸಿರನ್" ಎಂದು ಶುರುವಾಗುವ ಎರರ್ ಸಾಮಾನ್ಯವಾಗಿ ಸಿಸ್ಟಮ್ ಅಪ್‌ಡೇಟ್ ಆದ ಮಾರನೇ ದಿನ ಬರುತ್ತದೆ. ಎಕ್ಸ್‌ಕೋಡ್-ಸೆಲೆಕ್ಟ್ --ಇನ್‌ಸ್ಟಾಲ್ ಹೊಡೆದರೆ ಮುಗಿಯಿತು. ಎಂ1 ಮತ್ತು ನಂತರದ ಮ್ಯಾಕ್‌ಗಳಲ್ಲಿ ಜಿಎಚ್‌ಸಿ 8.10 ಹಾಕಿದರೆ ಅದು ಎಲ್‌ಎಲ್‌ವಿಎಂ ಎಂಬ ಇನ್ನೊಂದು ಕಂಪೈಲರ್ ಸಾಧನ ಬೇಕು ಎಂದು ಹಟ ಹಿಡಿಯುತ್ತದೆ. ಎಂ1 ಬಂದಿದ್ದು 2020ರ ನವೆಂಬರ್‌ನಲ್ಲಿ. ಆ ಚಿಪ್‌ಗೆ ಜಿಎಚ್‌ಸಿ ತಾನೇ ಕೋಡ್ ಬರೆಯಲು ಕಲಿತದ್ದು 2021ರ 9.2ರಲ್ಲಿ. ಹಾಗಾಗಿ 9.2 ಅಥವಾ ಅದರಿಂದ ಮೇಲಿನದು ಹಾಕಿದರೆ ಈ ತೊಡಕೇ ಇಲ್ಲ.

"ಕುಡ್ ನಾಟ್ ಲೋಡ್ ಮಾಡ್ಯೂಲ್ ಡೇಟಾ.ಮ್ಯಾಪ್"

ಇಲ್ಲಿ ಸ್ವಲ್ಪ ನಿಲ್ಲೋಣ. ಹೊಸಬರು ಹ್ಯಾಸ್ಕೆಲ್ ಬಿಟ್ಟು ಓಡಿಹೋಗುವುದು ಈ ಜಾಗದಿಂದಲೇ.

ಎರಡನೇ ಸಾಲನ್ನು ಓದಿ. ಇದು ಕಂಟೇನರ್ಸ್ ಎಂಬ ಹಿಡನ್ ಪ್ಯಾಕೇಜಿನ ಸದಸ್ಯ ಎಂದು ಬರೆದಿರುತ್ತದೆ. ಹಿಡನ್ ಅಂದರೆ ಇಲ್ಲ ಎಂದಲ್ಲ. ಅದು ಜಿಎಚ್‌ಸಿ ಜೊತೆಗೇ ಬಂದಿದೆ, ಮನೆಯಲ್ಲೇ ಇದೆ, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ನಿಮ್ಮ ಪ್ರಾಜೆಕ್ಟಿನ .ಕಬಾಲ್ ಫೈಲಿನಲ್ಲಿದೆ. ಅದರಲ್ಲಿ ಬಿಲ್ಡ್-ಡಿಪೆಂಡ್ಸ್ ಎಂಬ ಸಾಲಿದೆ. ಬೇಸ್ ಎಂದು ಬರೆದಿರುವುದರ ನಂತರ ಕಾಮಾ ಹಾಕಿ ಕಂಟೇನರ್ಸ್ ಎಂದು ಸೇರಿಸಿ, ಮತ್ತೆ ಕಬಾಲ್ ಬಿಲ್ಡ್ ಮಾಡಿ.

ಪ್ರಾಜೆಕ್ಟೇ ಇಲ್ಲ, ಒಂದೇ ಫೈಲ್ ಇಟ್ಟುಕೊಂಡು ಆಡುತ್ತಿದ್ದೀರಾ? ಖಾಲಿ ಫೋಲ್ಡರ್ ಮಾಡಿ ಕಬಾಲ್ ಇನಿಟ್ ಹೊಡೆಯಿರಿ. ಒಂದು ನಿಮಿಷದ ಕೆಲಸ.

ಇಲ್ಲಿ ಜನ ಹಿಡಿಯುವ ಅಡ್ಡದಾರಿ ಕಬಾಲ್ ಇನ್‌ಸ್ಟಾಲ್ --ಲಿಬ್. ನಾನೂ ಹಿಡಿದಿದ್ದೆ. ಟೆಕ್ಸ್ಟ್ ಎಂಬ ಪ್ಯಾಕೇಜನ್ನು ಹಾಗೆ ಹಾಕಿದೆ, ಆ ದಿನ ಎಲ್ಲ ಚೆನ್ನಾಗಿ ನಡೆಯಿತು. ಎರಡು ವಾರದ ನಂತರ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಫೋಲ್ಡರಿನಲ್ಲಿ ಕೂತು ಜಿಎಚ್‌ಸಿಐ, ಅಂದರೆ ಹ್ಯಾಸ್ಕೆಲ್ ಸಾಲನ್ನು ಹೊಡೆದ ಕೂಡಲೇ ಉತ್ತರ ಕೊಡುವ ಜಿಎಚ್‌ಸಿ, ತೆರೆದರೆ ಇದು ಸಿಗುತ್ತಿಲ್ಲ, ಅದು ಸಿಗುತ್ತಿಲ್ಲ ಎಂದು ಒಂದೇ ಗೋಳು. ಎರಡು ಸಂಜೆ ಹೋಯಿತು. ಉತ್ತರ ಸ್ಕ್ರೀನಿನ ಮೊದಲ ಸಾಲಿನಲ್ಲೇ ಇತ್ತು: "ಲೋಡೆಡ್ ಪ್ಯಾಕೇಜ್ ಎನ್ವಿರಾನ್‌ಮೆಂಟ್ ಫ್ರಮ್", ಮುಂದೆ ಒಂದು ಫೈಲಿನ ವಿಳಾಸ. ಆ --ಲಿಬ್ ಅನ್ನುವುದು ಡೀಫಾಲ್ಟ್ ಎಂಬ ಫೈಲಿಗೆ ಪಟ್ಟಿ ಬರೆದು ಹೋಗಿತ್ತು, ಜಿಎಚ್‌ಸಿ ಎಲ್ಲೇ ಎದ್ದರೂ ಅದನ್ನೇ ಓದುತ್ತಿತ್ತು.

ನಿಮಗೂ ಆ ಸಾಲು ಕಂಡರೆ ಅದು ತೋರಿಸಿದ ಫೈಲಿನ ಹೆಸರು ಬದಲಿಸಿ ನೋಡಿ. ಅಳಿಸಬೇಡಿ, ಹೆಸರು ಮಾತ್ರ ಬದಲಿಸಿ. ಸರಿಹೋದರೆ ಅದೇ ಕಳ್ಳ.

"ಕುಡ್ ನಾಟ್ ರಿಸಾಲ್ವ್ ಡಿಪೆಂಡೆನ್ಸೀಸ್"

ಮೊದಲು ಕಬಾಲ್ ಅಪ್‌ಡೇಟ್. ಇದು ಹ್ಯಾಕೇಜಿನಿಂದ ಪ್ಯಾಕೇಜುಗಳ ಪಟ್ಟಿ ತರುತ್ತದೆ. ಇದನ್ನೇ ಮಾಡಿರದಿದ್ದರೆ ಕಬಾಲ್‌ಗೆ ಉಗ್ರಾಣದಲ್ಲಿ ಏನಿದೆ ಎಂದೇ ಗೊತ್ತಿರುವುದಿಲ್ಲ.

ಅದಾದ ಮೇಲೂ ಬಂದರೆ ಎರರ್‌ನಲ್ಲಿ ಬೇಸ್ ಎಂಬ ಪದ ಹುಡುಕಿ. ಬೇಸ್ ಎಂಬುದು ಜಿಎಚ್‌ಸಿಗೆ ಅಂಟಿಕೊಂಡೇ ಬರುವ ಪ್ಯಾಕೇಜ್, ಬೇರೆಯಾಗಿ ಬದಲಿಸಲು ಆಗುವುದಿಲ್ಲ. ಜಿಎಚ್‌ಸಿ 8.10ಕ್ಕೆ ಬೇಸ್ 4.14. 9.2ಕ್ಕೆ 4.16, 9.4ಕ್ಕೆ 4.17, 9.6ಕ್ಕೆ 4.18, 9.8ಕ್ಕೆ 4.19. ಈಗ ನಿಮ್ಮ ಪ್ರಾಜೆಕ್ಟು 4.18ಕ್ಕಿಂತ ಕೆಳಗಿನದು ಬೇಕು ಅನ್ನುತ್ತಿದೆ, ನಿಮ್ಮ ಹತ್ತಿರ 9.6 ಇದೆ. ಹೊಂದುವುದಿಲ್ಲ, ಅಲ್ವಾ? ಜಿಎಚ್‌ಸಿಅಪ್‌ನಿಂದ 9.4.8 ತಂದು, ಕಬಾಲ್ ಬಿಲ್ಡ್ -ಡಬ್ಲ್ಯೂ ಜಿಎಚ್‌ಸಿ-9.4.8 ಎಂದು ಹೊಡೆಯಿರಿ. ಎರಡೂ ಒಟ್ಟಿಗೆ ಇರಬಹುದು, ಒಂದನ್ನು ತೆಗೆಯಬೇಕಿಲ್ಲ.

--ಅಲೌ-ನ್ಯೂವರ್ ಎಂದು ಹಾಕಿದರೆ ಈ ಮಿತಿಗಳನ್ನು ಕಬಾಲ್ ಕಡೆಗಣಿಸುತ್ತದೆ. ಪ್ಯಾಕೇಜ್ ಬರೆದವರು ಸುಮ್ನೆ ಎಚ್ಚರಿಕೆಗೆಂದು ಮಿತಿ ಹಾಕಿದ್ದರೆ ಕೆಲಸ ಆಗುತ್ತದೆ. ನಿಜವಾಗಿಯೂ ಹೊಂದದಿದ್ದರೆ ಎರರ್ ಇಲ್ಲಿಂದ ಎದ್ದು ಇನ್ನಷ್ಟು ಗೊಂದಲದ ಜಾಗದಲ್ಲಿ ಹೋಗಿ ಕೂರುತ್ತದೆ. ಒಮ್ಮೆ ಪ್ರಯತ್ನಿಸಿ, ಆಗದಿದ್ದರೆ ಅಲ್ಲಿಗೇ ಬಿಡಿ.

ಬಿಲ್ಡ್ ನಿಂತೇ ಹೋಗಿದೆ, ಅಥವಾ ಇಡೀ ಮಷೀನೇ ನಿಂತಿದೆ

ಮೊದಲ ಸಲದ ಬಿಲ್ಡ್ ನಿಧಾನವೇ. ಕಬಾಲ್ ಪ್ಯಾಕೇಜುಗಳನ್ನು ಸಿದ್ಧವಾಗಿ ತರುವುದಿಲ್ಲ, ಸೋರ್ಸ್ ತಂದು ನಿಮ್ಮಲ್ಲೇ ಕಟ್ಟುತ್ತದೆ. ಜೆಸಾನ್ ಎಂಬ ಡೇಟಾ ರೂಪವನ್ನು ಓದಲು ಈಸನ್ ಎಂಬ ಪ್ಯಾಕೇಜ್ ಒಂದನ್ನು ಕೇಳಿದರೆ ಅದರ ಬೆನ್ನಿಗೆ ನೆಂಟರಿಷ್ಟರೆಲ್ಲ ಬರುತ್ತಾರೆ. ಎರಡನೇ ಸಲದಿಂದ ಬೇಗ ಆಗುತ್ತದೆ, ಕಟ್ಟಿದ್ದನ್ನು ಎತ್ತಿಟ್ಟಿರುತ್ತದೆ. ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಕೆಲಸ ನಡೆದಿದೆ ಎಂದರ್ಥ. ಕಾಫಿ ಕುಡಿದು ಬನ್ನಿ.

ಆದರೆ ಮೌಸ್ ಕೂಡ ಅಲುಗಾಡದಿದ್ದರೆ, ಅಥವಾ ಬಿಲ್ಡ್ ಬಿದ್ದು "ಕಿಲ್ಡ್" ಎಂದೋ "ಎಕ್ಸಿಟ್‌ಫೇಲ್ಯೂರ್ -9" ಎಂದೋ ಬಂದರೆ ರ‍್ಯಾಮ್ ಮುಗಿದಿದೆ. 9 ಎಂಬುದು ಲಿನಕ್ಸ್ ಒಂದು ಪ್ರೋಗ್ರಾಮನ್ನು ಕೊಲ್ಲುವಾಗ ಕಳಿಸುವ ಸಿಗ್ನಲ್. ನಿಮ್ಮ ಕೋಡಿನಲ್ಲಿ ತಪ್ಪಿಲ್ಲ. 4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಇದು ದಿನನಿತ್ಯದ ಕತೆ.

ದುಡ್ಡು ಖರ್ಚಿಲ್ಲದ ದಾರಿಗಳು ಮೊದಲು. ಬ್ರೌಸರ್ ಮುಚ್ಚಿ. ಎಡಿಟರ್ ಮುಚ್ಚಿ, ಎಚ್‌ಎಲ್‌ಎಸ್ ಒಂದೇ ಒಂದೆರಡು ಜಿಬಿ ತಿನ್ನುವುದುಂಟು. ಆಮೇಲೆ ಕಬಾಲ್ ಬಿಲ್ಡ್ -ಜೆ1 ಎಂದು ಹೊಡೆಯಿರಿ. ಒಂದು ಸಲಕ್ಕೆ ಒಂದೇ ಪ್ಯಾಕೇಜ್ ಕಟ್ಟುತ್ತದೆ, ನಿಧಾನವಾದರೂ ಮುಗಿಯುತ್ತದೆ. ಅದೂ ಆಗದಿದ್ದರೆ ಸ್ವಾಪ್ ಫೈಲ್, ಅಂದರೆ ಡಿಸ್ಕಿನ ಸ್ವಲ್ಪ ಜಾಗವನ್ನು ಮೆಮೊರಿಯಂತೆ ಬಳಸುವುದು. ಅದನ್ನು ಮಾಡಲು ರೂಟ್ ಅನುಮತಿ ಬೇಕು, ಡಿಸ್ಕ್ ಮುಟ್ಟುವ ಕಮಾಂಡುಗಳಲ್ಲಿ ಒಂದಕ್ಷರ ತಪ್ಪಿದರೂ ಡೇಟಾ ಹೋಗಬಹುದು. ನೀವು ಹಿಂದೆ ಮಾಡಿಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಬಳಸುವವರೇ, ಪ್ರಾಜೆಕ್ಟ್ /ಎಂಎನ್‌ಟಿ/ಸಿ ಕೆಳಗೆ ಇದೆಯೇ? ಅಲ್ಲಿ ಎಲ್ಲವೂ ಎತ್ತಿನಗಾಡಿ. ಲಿನಕ್ಸ್‌ನ ಹೋಮ್ ಫೋಲ್ಡರಿಗೆ ತನ್ನಿ. ಶುದ್ಧ ವಿಂಡೋಸ್‌ನಲ್ಲಿ ನಿಧಾನಕ್ಕೆ ಕಾರಣ ಹೆಚ್ಚಾಗಿ ಆಂಟಿವೈರಸ್, ಹುಟ್ಟುವ ಒಂದೊಂದು ಫೈಲನ್ನೂ ಮೂಸಿ ನೋಡುತ್ತದೆ. ಅದನ್ನು ಪೂರ್ತಿ ಆರಿಸಬೇಡಿ. ಜಿಎಚ್‌ಸಿಅಪ್ ಮತ್ತು ಪ್ರಾಜೆಕ್ಟ್ ಫೋಲ್ಡರುಗಳಿಗೆ ಮಾತ್ರ ರಿಯಾಯಿತಿ ಕೊಡಿ, ಆಫೀಸ್ ಮಷೀನ್ ಆದರೆ ಕೇಳಿ ಮಾಡಿ. ಪ್ರಾಜೆಕ್ಟನ್ನು ಒನ್‌ಡ್ರೈವ್ ಒಳಗೂ ಇಡಬೇಡಿ.

ಕನ್ನಡ ಬರೆದರೆ ಅಂಕಿಗಳು ಬರುತ್ತವೆ

ಇದು ನಮ್ಮವರಿಗೇ ಬರುವ ತೊಂದರೆ, ಇಂಗ್ಲಿಷ್ ಪಾಠಗಳಲ್ಲಿ ಸಿಗುವುದಿಲ್ಲ. ಜಿಎಚ್‌ಸಿಐ ತೆರೆದು ಪ್ರಿಂಟ್ "ನಮಸ್ಕಾರ" ಎಂದು ಹೊಡೆಯಿರಿ. ಬರುವುದು:

"\3240\3246\3256\3277\3221\3262\3248"

ಕೆಟ್ಟಿಲ್ಲ. ಪ್ರಿಂಟ್ ಯಾವಾಗಲೂ ಶೋ ಎಂಬ ಫಂಕ್ಷನ್ ಮೂಲಕ ಹೋಗುತ್ತದೆ, ಶೋ ಇಂಗ್ಲಿಷಿನ ಆಸ್ಕಿ ಪಟ್ಟಿಯಲ್ಲಿ ಇಲ್ಲದ ಅಕ್ಷರಗಳನ್ನೆಲ್ಲ ಯೂನಿಕೋಡ್ ಅಂಕಿಯಾಗಿಸುತ್ತದೆ. 3240 ನ, 3246 ಮ, 3256 ಸ, 3277 ಅರ್ಧಾಕ್ಷರ ಮಾಡುವ ಹಲಂತದ ಗುರುತು, 3221 ಕ, 3262 ಆಕಾರದ ದೀರ್ಘ, 3248 ರ. ಪ್ರಿಂಟ್ ಬದಲು ಪುಟ್‌ಸ್ಟ್ರ್‌ಎಲ್‌ಎನ್ (putStrLn) ಬಳಸಿ, ಕನ್ನಡವೇ ಬರುತ್ತದೆ. ಲೆಂಗ್ತ್ ಕೇಳಿದರೆ 7 ಅನ್ನುತ್ತದೆ. ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಅದೂ ದೋಷವಲ್ಲ, ಆದರೆ ಪ್ರಾಸ ಹುಡುಕುವ ಪ್ರೋಗ್ರಾಂ ಬರೆಯುತ್ತಿದ್ದರೆ ನೆನಪಿರಲಿ.

"ಕೆನಾಟ್ ಎನ್‌ಕೋಡ್ ಕ್ಯಾರೆಕ್ಟರ್" ಎಂದು ಪ್ರೋಗ್ರಾಮೇ ಸತ್ತರೆ ವಿಷಯ ಬೇರೆ. ಟರ್ಮಿನಲ್ಲಿನ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟುಗಳಾಗಿಸುವ ಕ್ರಮ, ಯುಟಿಎಫ್-8 ಅಲ್ಲ. ವಿಂಡೋಸ್‌ನಲ್ಲಿ ಸಿಎಚ್‌ಸಿಪಿ 65001 ಹೊಡೆದು ಮತ್ತೆ ಓಡಿಸಿ. ಲಿನಕ್ಸ್ ಸರ್ವರಿನಲ್ಲಿ ಲ್ಯಾಂಗ್ (LANG) ವೇರಿಯಬಲ್ಲನ್ನು ಸಿ.ಯುಟಿಎಫ್-8 (C.UTF-8) ಮಾಡಿ. ಖಾಯಂ ಪರಿಹಾರ ಬೇಕಾದರೆ ಮೇನ್‌ನ ಮೊದಲ ಸಾಲಿನಲ್ಲೇ ಎಚ್‌ಸೆಟ್‌ಎನ್‌ಕೋಡಿಂಗ್ ಎಸ್‌ಟಿಡಿಔಟ್ ಯುಟಿಎಫ್8 (hSetEncoding stdout utf8) ಬರೆಯಿರಿ, ಅದು ಸಿಸ್ಟಮ್.ಐಓ (System.IO) ಮಾಡ್ಯೂಲಿನಲ್ಲಿದೆ.

ಎಲ್ಲ ಸರಿಯಿದ್ದೂ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಅದು ಟರ್ಮಿನಲ್ಲಿನ ಬಡತನ. ಫೈಲಿಗೆ ಬರೆದು ಬ್ರೌಸರಿನಲ್ಲಿ ತೆರೆದು ನೋಡಿ, ಸರಿಯಾಗಿಯೇ ಇರುತ್ತದೆ.

ಟರ್ಮಿನಲ್ಲಿನಲ್ಲಿ ಓಡುತ್ತದೆ, ಎಡಿಟರ್ ತುಂಬಾ ಕೆಂಪು ಗೆರೆ

ವಿಎಸ್ ಕೋಡ್‌ನಲ್ಲಿ ಫೈಲ್ ತೆರೆದಿದ್ದೀರೋ ಫೋಲ್ಡರ್ ತೆರೆದಿದ್ದೀರೋ ನೋಡಿ. .ಕಬಾಲ್ ಫೈಲ್ ಇರುವ ಫೋಲ್ಡರನ್ನೇ ತೆರೆಯಬೇಕು. ಆಮೇಲೆ ಜಿಎಚ್‌ಸಿಅಪ್ ಲಿಸ್ಟ್‌ನಲ್ಲಿ ನಿಮ್ಮ ಜಿಎಚ್‌ಸಿ ಪಕ್ಕ ಎಚ್‌ಎಲ್‌ಎಸ್-ಪವರ್ಡ್ ಎಂದಿದೆಯೇ ನೋಡಿ. ಎಚ್‌ಎಲ್‌ಎಸ್ ಒಂದೊಂದು ಜಿಎಚ್‌ಸಿಗೂ ಬೇರೆಬೇರೆಯಾಗಿ ಕಟ್ಟಬೇಕಾದದ್ದು, ಆ ಗುರುತಿಲ್ಲದ ಜಿಎಚ್‌ಸಿ ಜೊತೆ ಮಾತಾಡುವುದಿಲ್ಲ. ಎರಡೂ ಸರಿಯಿದ್ದರೆ ಕಮಾಂಡ್ ಪ್ಯಾಲೆಟ್‌ನಿಂದ ಹ್ಯಾಸ್ಕೆಲ್ ಸರ್ವರ್ ರೀಸ್ಟಾರ್ಟ್ ಮಾಡಿ. ಟರ್ಮಿನಲ್ಲಿನಲ್ಲಿ ಓಡುತ್ತಿದ್ದರೆ ಇದಕ್ಕೆ ತಲೆ ಕೆಡಿಸಿಕೊಂಡು ಕಲಿಕೆ ನಿಲ್ಲಿಸಬೇಡಿ.

ಯಾವಾಗ ಕೈಬಿಟ್ಟು ಕೇಳಬೇಕು

ಒಂದೇ ಎರರ್ ಮೇಲೆ ಒಂದು ಗಂಟೆ ಕಳೆದಿದ್ದರೆ ಕೇಳಿ. ಸಿಸ್ಟಮ್ ಫೈಲ್ ಅಳಿಸಬೇಕು ಎಂದು ಯಾರಾದರೂ ಹೇಳಿದರೆ ಅಳಿಸುವ ಮೊದಲೇ ಕೇಳಿ. ಹ್ಯಾಸ್ಕೆಲ್‌ನವರ ಡಿಸ್ಕೋರ್ಸ್ ಎಂಬ ಚರ್ಚಾತಾಣ ಇದೆ, ಲಿಬೆರಾ ಎಂಬ ಚಾಟ್ ಜಾಲದಲ್ಲಿ ಐಆರ್‌ಸಿ ಚಾನೆಲ್ ಇದೆ, ಹೊಸಬರನ್ನು ಅಲ್ಲಿ ಗದರುವುದಿಲ್ಲ. ಕೇಳುವಾಗ ಸ್ಕ್ರೀನಿನ ಮೊಬೈಲ್ ಫೋಟೋ ಬೇಡ, ಅಕ್ಷರಗಳನ್ನೇ ಕಾಪಿ ಮಾಡಿ. ಕೊನೆಯ ಎರರ್ ಅಲ್ಲ, ಮೊದಲ ಎರರ್ ಬೇಕು, ಉಳಿದವು ಅದರ ಬಾಲಗಳು. ಜೊತೆಗೆ ಯಾವ ಓಎಸ್, ಜಿಎಚ್‌ಸಿ --ವರ್ಷನ್, ಕಬಾಲ್ --ವರ್ಷನ್, ಮತ್ತು ನೀವು ಹೊಡೆದ ಕಮಾಂಡ್. ಕಾಪಿ ಮಾಡುವಾಗ ಪ್ರಾಕ್ಸಿಯ ಪಾಸ್‌ವರ್ಡ್ ಬಂದಿಲ್ಲ ಎಂದು ನೋಡಿಕೊಳ್ಳಿ.

ಎಲ್ಲ ಮುಗಿದು, ನಿಜವಾಗಿಯೂ ಅಳಿಸಿ ಹಾಕಬೇಕು ಎಂದಾದರೆ ಅದಕ್ಕೆ ಜಿಎಚ್‌ಸಿಅಪ್ ನ್ಯೂಕ್ ಎಂಬ ಕಮಾಂಡೇ ಇದೆ. ಫೋಲ್ಡರ್ ಅಳಿಸುವ ಆರ್‌ಎಂ -ಆರ್‌ಎಫ್ ಕಮಾಂಡನ್ನು ಕೈಯಾರೆ ಬರೆಯಬೇಡಿ. ~ ಮತ್ತು / ನಡುವೆ ತಪ್ಪಿ ಒಂದು ಸ್ಪೇಸ್ ಬಿದ್ದರೆ ಇಡೀ ಹೋಮ್ ಫೋಲ್ಡರ್ ಹೋಗುತ್ತದೆ. ನ್ಯೂಕ್ ಮಾಡಿದ ಮೇಲೂ ಕಬಾಲ್ ಕಟ್ಟಿಟ್ಟ ಪ್ಯಾಕೇಜುಗಳು ~/.ಕಬಾಲ್ ಅಥವಾ ~/.ಲೋಕಲ್/ಸ್ಟೇಟ್/ಕಬಾಲ್ ಒಳಗೆ ಉಳಿದಿರುತ್ತವೆ. ಆ --ಲಿಬ್ ಬರೆದ ಡೀಫಾಲ್ಟ್ ಫೈಲೂ ಉಳಿದಿರುತ್ತದೆ, ಹೊಸದಾಗಿ ಹಾಕಿದ ಮೇಲೂ ಹಳೇ ಗೋಳು ಶುರುವಾದರೆ ಮೊದಲು ಅಲ್ಲಿ ನೋಡಿ.